ಸ್ವಾಭಾವಿಕ ಲಘುಗಣಕದ ನಿಷ್ಪನ್ನ: ಒಂದು ಉಪಪತ್ತಿಯ ಪೂರ್ವಾಪರ ವಿಚಾರ

೧. ವಿಷಯ ಪ್ರವೇಶ

ಗಣಕಯಂತ್ರಗಳು ರೂಢಿಗೆ ಬರುವ ಮುನ್ನ ವಿಜ್ಞಾನ ತರಗತಿಗಳ ವಿದ್ಯಾರ್ಥಿಗಳ ಕೈಯಲ್ಲಿ ಲಘುಗಣಕಗಳ ಕೋಷ್ಟಕವೊಂದು ಸದಾ ಇರುತ್ತಿತ್ತು. ಗುಣಾಕಾರವನ್ನು ಕೂಡುವ ಲೆಕ್ಕಕ್ಕೂ ಭಾಗಾಕಾರವನ್ನು ಕಳೆಯುವ ಲೆಕ್ಕಕ್ಕೂ ಇಳಿಸಿಕೊಡುವ ಆ ಪುಸ್ತಕವನ್ನು ಉಪಕರಣವಾಗಿ ಬಳಸಿದವರು ಅಸಂಖ್ಯರು. ಅದನ್ನು ಒಂದು ಗ್ರಂಥವೆಂದು ಓದಿದವರು ವಿರಳ. ಹಾಗೆ ಓದಿದವರಿಗೆ ಒಂದು ಸಂಗತಿ ಗೋಚರವಾಗದೆ ಇರುತ್ತಿರಲಿಲ್ಲ. ಹತ್ತನ್ನು ಆಧಾರವಾಗಿ ಉಳ್ಳ ಕೋಷ್ಟಕದಲ್ಲಿ ೧ರಿಂದ ೧.೧ಕ್ಕೆ ಸರಿದಾಗ ಲಘುಗಣಕವು ೦.೦೪೧೪ರಷ್ಟು ಹೆಚ್ಚುತ್ತದೆ. ೨ರಿಂದ ೨.೧ಕ್ಕೆ ಸರಿದಾಗ ಹೆಚ್ಚಳ ೦.೦೨೧೨, ೪ರಿಂದ ೪.೧ಕ್ಕೆ ೦.೦೧೦೭; ೮ರಿಂದ ೮.೧ಕ್ಕೆ ೦.೦೦೫೪. ಸಂಖ್ಯೆಯು ಇಮ್ಮಡಿಯಾದಾಗಲೆಲ್ಲ ಹೆಚ್ಚಳವು ಹೆಚ್ಚುಕಡಿಮೆ ಅರೆಯಾಗುತ್ತಿದೆ. ಲಘುಗಣಕದ ಬೆಳವಣಿಗೆಯ ದರವು ಸಂಖ್ಯೆಗೆ ವಿಲೋಮಾನುಪಾತದಲ್ಲಿದೆ ಎಂಬ ಅಂಶವು ಹೀಗೆ ಕೋಷ್ಟಕದ ಪುಟಗಳಲ್ಲಿಯೇ ಅಡಗಿದೆ.

ಇದೇ ಸಂಗತಿಯನ್ನು ಕಲನಶಾಸ್ತ್ರದ ಪಠ್ಯಗ್ರಂಥಗಳು, ಸ್ವಾಭಾವಿಕ ಲಘುಗಣಕದ ನಿಷ್ಪನ್ನವು ಸಂಖ್ಯೆಯ ವ್ಯುತ್ಕ್ರಮಕ್ಕೆ ಸಮ ಎಂಬ ಪ್ರಮೇಯದ ರೂಪದಲ್ಲಿ ಹೇಳಿ, ಪರಿಮಿತಿಯ ವಿಧಾನದಿಂದ ಮೂರು ನಾಲ್ಕು ಪಂಕ್ತಿಗಳಲ್ಲಿ ಸಾಧಿಸಿಬಿಡುತ್ತವೆ. ವಿದ್ಯಾರ್ಥಿಗಳು ಆ ಪಂಕ್ತಿಗಳನ್ನು ಕಂಠಸ್ಥ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅವುಗಳಲ್ಲಿ ಯಾವುದು ಸಾಧಿತ, ಯಾವುದು ಗೃಹೀತ ಎಂಬ ವಿವೇಚನೆ ಮಾತ್ರ ಬಹುಮಟ್ಟಿಗೆ ಹಿಂದುಳಿಯುತ್ತದೆ.

ಇತಿಹಾಸದ ಅಭ್ಯಾಸಿಗಳಾದ ನಾವು ಗಣಿತದ ಈ ವಿಷಯಕ್ಕೆ ಕೈಹಾಕಿರುವುದು ಅನಧಿಕಾರ ಪ್ರವೇಶವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಶಾಸನವನ್ನಾಗಲಿ ಬಖೈರನ್ನಾಗಲಿ ಪ್ರಮಾಣವೆಂದು ಅಂಗೀಕರಿಸುವ ಮುನ್ನ, ಅದು ಸ್ವತಂತ್ರವಾದ ಸಾಕ್ಷ್ಯವೋ, ಯಾವುದನ್ನು ಸಮರ್ಥಿಸಲು ತರಲಾಗಿದೆಯೋ ಅದರಿಂದಲೇ ಹುಟ್ಟಿದ್ದೋ ಎಂದು ಕೇಳುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಗಣಿತದ ಉಪಪತ್ತಿಯ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳಬೇಕು. ಪ್ರಸ್ತುತ ಪ್ರಮೇಯದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಸ್ವಾರಸ್ಯವೂ ಉಂಟು. ಏಕೆಂದರೆ ಪಠ್ಯಗ್ರಂಥವು ಕೊನೆಯಲ್ಲಿ ಸಾಧಿಸುವುದು ಯಾವುದೋ, ಅದೇ ಚರಿತ್ರೆಯಲ್ಲಿ ಲಘುಗಣಕದ ಹುಟ್ಟಿಗೆ ಮೂಲವಾಗಿತ್ತು. ಈ ವಿಪರ್ಯಾಸವನ್ನು ವಿವರಿಸಿ, ಉಪಪತ್ತಿಯನ್ನು ಅದರ ಆಧಾರಗಳ ಸಮೇತವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೨. ಚರಿತ್ರೆಯ ಕ್ರಮ

ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಕಲ್ಪನೆ ಬಹು ಹಳೆಯದು. ಕ್ರಿ. ಶ. ೮೧೬ರ ಸುಮಾರಿನಲ್ಲಿ ವೀರಸೇನಾಚಾರ್ಯನು ಪೂರ್ಣಗೊಳಿಸಿದ ಧವಳಾ ಟೀಕೆಯಲ್ಲಿ 'ಅರ್ಧಚ್ಛೇದ' ಎಂಬ ಪರಿಭಾಷೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರೆಮಾಡಬಹುದೋ ಅದು ಅದರ ಅರ್ಧಚ್ಛೇದ. ಎಂಟರ ಅರ್ಧಚ್ಛೇದ ಮೂರು, ಹದಿನಾರರದು ನಾಲ್ಕು. ಎರಡು ರಾಶಿಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮ ಎಂಬ ನಿಯಮವನ್ನು ಆ ಗ್ರಂಥವು ಬಲ್ಲದು. ಇದರ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ನಮ್ಮ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದುವೆಂಬುದು ಕನ್ನಡಿಗರು ನೆನೆಯತಕ್ಕ ವಿಷಯ. ಆದರೆ ಅಭಿಮಾನದ ಭರದಲ್ಲಿ ಇರುವುದಕ್ಕಿಂತ ಹೆಚ್ಚನ್ನು ಹೇಳಬಾರದು. ಅರ್ಧಚ್ಛೇದವು ಎಣಿಕೆಯ ಪರಿಭಾಷೆ. ಒಂದು ರಾಶಿಯು ಎಡೆಬಿಡದೆ ಬದಲಾಗುತ್ತಿರುವಾಗ ಅದರ ಲಘುಗಣಕವು ಯಾವ ದರದಲ್ಲಿ ಬದಲಾಗುವುದೆಂಬ ಪ್ರಶ್ನೆ ಅಲ್ಲಿ ಹುಟ್ಟಲಿಲ್ಲ.

ಆ ಪ್ರಶ್ನೆ ಹುಟ್ಟಿದುದು ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋ ಬಳಿಯ ಮರ್ಚಿಸ್ಟನ್ನಿನ ಜಮೀನುದಾರ ಜಾನ್ ನೇಪಿಯರ್ (೧೫೫೦-೧೬೧೭) ತನ್ನ ಲಘುಗಣಕಗಳ ವಿವರಣೆಯನ್ನು ೧೬೧೪ರಲ್ಲಿ ಪ್ರಕಟಿಸಿದನು. ಖಗೋಳಶಾಸ್ತ್ರಜ್ಞರು ಜ್ಯಾಗಳನ್ನು ಗುಣಿಸುವುದರಲ್ಲಿ ಪಡುತ್ತಿದ್ದ ಶ್ರಮವನ್ನು ನಿವಾರಿಸುವುದು ಅವನ ಗುರಿಯಾಗಿತ್ತು. ಇಂದಿನ ಪಠ್ಯಗಳಲ್ಲಿರುವಂತೆ ಲಘುಗಣಕವೆಂದರೆ ಘಾತಾಂಕ ಎಂಬ ನಿರೂಪಣೆ ಅವನಲ್ಲಿ ಇಲ್ಲ. ಆಧಾರಸಂಖ್ಯೆಯ ಪ್ರಸ್ತಾಪವೂ ಇಲ್ಲ. ಅವನು ಕಲ್ಪಿಸಿಕೊಂಡುದು ಚಲಿಸುವ ಎರಡು ಬಿಂದುಗಳನ್ನು. ಮೊದಲನೆಯ ಬಿಂದುವು ಕೊನೆಯಿಲ್ಲದ ಒಂದು ರೇಖೆಯ ಮೇಲೆ ಏಕಪ್ರಕಾರದ ವೇಗದಿಂದ ಸಾಗುತ್ತದೆ. ಎರಡನೆಯದು ೧,೦೦,೦೦,೦೦೦ ಮಾನಗಳಷ್ಟು ಉದ್ದವಾದ ರೇಖಾಖಂಡದ ಮೇಲೆ ಅದೇ ವೇಗದಿಂದ ಹೊರಟು, ಮುಂದೆ ಸಾಗಬೇಕಾದ ದೂರ ಎಷ್ಟು ಉಳಿದಿದೆಯೋ ಅದಕ್ಕೆ ಅನುಪಾತವಾಗಿ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತ ಹೋಗುತ್ತದೆ. ಯಾವುದೇ ಕ್ಷಣದಲ್ಲಿ ಮೊದಲನೆಯ ಬಿಂದು ಕ್ರಮಿಸಿರುವ ದೂರವು, ಎರಡನೆಯದಕ್ಕೆ ಉಳಿದಿರುವ ದೂರದ ಲಘುಗಣಕ.

ಈ ನಿರೂಪಣೆಯಲ್ಲಿ ಅಡಕವಾಗಿರುವುದನ್ನು ಬಿಡಿಸಿ ನೋಡೋಣ. ಉಳಿದ ದೂರವು ಅರೆಯಾದಾಗ ಎರಡನೆಯ ಬಿಂದುವಿನ ವೇಗವೂ ಅರೆಯಾಗುತ್ತದೆ. ಆದಕಾರಣ ಒಂದು ಮಾನದಷ್ಟು ದೂರ ಸಾಗಲು ಅದಕ್ಕೆ ಎರಡರಷ್ಟು ಕಾಲ ಬೇಕು. ಆ ಕಾಲದಲ್ಲಿ ಮೊದಲನೆಯ ಬಿಂದು ಎರಡರಷ್ಟು ದೂರ ಸಾಗಿರುತ್ತದೆ. ಅಂದರೆ ಸಂಖ್ಯೆಯು ಅರೆಯಾದಲ್ಲಿ ಲಘುಗಣಕದ ಬದಲಾವಣೆಯ ದರವು ಇಮ್ಮಡಿಯಾಗುತ್ತದೆ. ನಾವು ಇಂದು ನಿಷ್ಪನ್ನದ ಸೂತ್ರವೆಂದು ಸಾಧಿಸುವ ವಿಲೋಮಾನುಪಾತವೇ ನೇಪಿಯರನ ಲಘುಗಣಕದ ನಿರೂಪಣೆ! ನಿಷ್ಪನ್ನವೆಂಬ ಹೆಸರು ಹುಟ್ಟುವುದಕ್ಕೆ, ನ್ಯೂಟನ್ನನೂ ಲೈಬ್‌ನಿಟ್ಸನೂ ಜನಿಸುವುದಕ್ಕೆ, ಎಷ್ಟೋ ಮುಂಚಿನ ಮಾತಿದು. ಅವನ ಲಘುಗಣಕವು ಸಂಖ್ಯೆ ಇಳಿದಂತೆ ಏರುತ್ತದೆ. ೧,೦೦,೦೦,೦೦೦ರ ಲಘುಗಣಕ ಅವನಲ್ಲಿ ಸೊನ್ನೆ. ಆದುದರಿಂದ ಸ್ವಾಭಾವಿಕ ಲಘುಗಣಕಗಳನ್ನು 'ನೇಪಿಯರನ ಲಘುಗಣಕಗಳು' ಎಂದು ಕರೆಯುವ ವಾಡಿಕೆ ಅಕ್ಷರಶಃ ಸರಿಯಲ್ಲ. ಎರಡಕ್ಕೂ ಇರುವ ಸಂಬಂಧ ಮಾತ್ರ ನಿಕಟವಾದುದು.

ಲಂಡನ್ನಿನ ಗ್ರೆಷಮ್ ಕಾಲೇಜಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ ೧೬೧೫ರಲ್ಲಿ ಎಡಿನ್‌ಬರೋಗೆ ಪ್ರಯಾಣಮಾಡಿ ನೇಪಿಯರನನ್ನು ಕಂಡನು. ಒಂದರ ಲಘುಗಣಕ ಸೊನ್ನೆಯೂ ಹತ್ತರದು ಒಂದೂ ಆಗುವ ವ್ಯವಸ್ಥೆ ಅವರ ಸಮಾಲೋಚನೆಯಿಂದ ರೂಪುಗೊಂಡಿತು. ೧೬೨೪ರಲ್ಲಿ ಬ್ರಿಗ್ಸನು ಮೂವತ್ತು ಸಾವಿರ ಸಂಖ್ಯೆಗಳ ಲಘುಗಣಕಗಳನ್ನು ಹದಿನಾಲ್ಕು ದಶಮಾಂಶ ಸ್ಥಾನಗಳವರೆಗೆ ಪ್ರಕಟಿಸಿದನು. ಇದು ಲೆಕ್ಕಿಗರಿಗೆ ಮಹೋಪಕಾರವಾಯಿತು. ತತ್ತ್ವದ ದೃಷ್ಟಿಯಿಂದ ಮುಂದಿನ ಹೆಜ್ಜೆ ಬೇರೊಂದು ದಿಕ್ಕಿನಿಂದ ಬಂದಿತು. ಗ್ರೆಗರಿ ಸೇಂಟ್ ವಿನ್ಸೆಂಟ್ ಎಂಬ ಜೆಸ್ಯೂಟ್ ಪಾದ್ರಿಯು ೧೬೪೭ರಲ್ಲಿ ಪ್ರಕಟವಾದ ತನ್ನ ಬೃಹದ್ಗ್ರಂಥದಲ್ಲಿ ಅತಿಪರವಲಯವನ್ನು ಪರಿಶೀಲಿಸಿ, ಅಕ್ಷದ ಮೇಲಿನ ದೂರಗಳು ಗುಣೋತ್ತರ ಶ್ರೇಢಿಯಲ್ಲಿ ಬೆಳೆದರೆ ವಕ್ರರೇಖೆಯ ಕೆಳಗಿನ ಪಟ್ಟಿಗಳ ವಿಸ್ತೀರ್ಣಗಳು ಪರಸ್ಪರ ಸಮನಾಗಿರುತ್ತವೆ ಎಂದು ತೋರಿಸಿದನು. ಆ ವಿಸ್ತೀರ್ಣಗಳು ಲಘುಗಣಕಗಳಂತೆ ವರ್ತಿಸುತ್ತವೆ ಎಂಬುದನ್ನು ೧೬೪೯ರಲ್ಲಿ ಅದೇ ಸಂಘದ ಡಿ ಸರಾಸನು ಎತ್ತಿ ಹೇಳಿದನು. ೧೬೬೮ರಲ್ಲಿ ನಿಕೊಲಸ್ ಮರ್ಕೇಟರನು ಆ ವಿಸ್ತೀರ್ಣವನ್ನು ಅನಂತ ಶ್ರೇಢಿಯಾಗಿ ಬಿಡಿಸಿದನು. 'ಸ್ವಾಭಾವಿಕ' ಎಂಬ ವಿಶೇಷಣವೂ ಅವನ ಗ್ರಂಥದಲ್ಲಿ ಬರುತ್ತದೆ.

ಮೂರನೆಯ ಎಳೆ ಬಡ್ಡಿಯ ಲೆಕ್ಕದಿಂದ ಬಂದುದು. ಒಂದು ರೂಪಾಯಿಗೆ ವರ್ಷಕ್ಕೆ ಒಂದು ರೂಪಾಯಿ ಬಡ್ಡಿಯೆಂದು ಇಟ್ಟುಕೊಳ್ಳೋಣ. ವರ್ಷಾಂತ್ಯದಲ್ಲಿ ಒಮ್ಮೆ ಬಡ್ಡಿ ಸೇರಿಸಿದರೆ ಮೊತ್ತ ೨. ಆರು ತಿಂಗಳಿಗೊಮ್ಮೆ ಸೇರಿಸಿ ಚಕ್ರಬಡ್ಡಿ ಹಾಕಿದರೆ ೨.೨೫, ತಿಂಗಳಿಗೊಮ್ಮೆಯಾದರೆ ೨.೬೧೩೦, ದಿನಕ್ಕೊಮ್ಮೆಯಾದರೆ ೨.೭೧೪೬. ಬಡ್ಡಿಯನ್ನು ಕ್ಷಣಕ್ಷಣಕ್ಕೂ ಸೇರಿಸುತ್ತ ಹೋದರೆ ಮೊತ್ತವು ಮೇರೆಯಿಲ್ಲದೆ ಬೆಳೆಯುವುದೋ, ಎಲ್ಲಿಯಾದರೂ ನಿಲ್ಲುವುದೋ ಎಂಬ ಪ್ರಶ್ನೆಯನ್ನು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಯಾಕೋಬ್ ಬೆರ್ನೂಲಿ ಎತ್ತಿಕೊಂಡು, ಉತ್ತರವು ಎರಡಕ್ಕೂ ಮೂರಕ್ಕೂ ನಡುವೆ ಇದೆಯೆಂದು ತೋರಿಸಿದನು. ಆ ಸಂಖ್ಯೆಗೆ ಇಂದಿನ ಅಕ್ಷರಸಂಕೇತವನ್ನು ಕೊಟ್ಟವನು ಆಯ್ಲರ್. ೧೭೩೧ರಲ್ಲಿ ಗೋಲ್ಡ್‌ಬಾಖನಿಗೆ ಬರೆದ ಪತ್ರದಲ್ಲಿ ಅದು ಕಾಣುತ್ತದೆ. ೧೭೪೮ರ ತನ್ನ ಗ್ರಂಥದಲ್ಲಿ ಲಘುಗಣಕವೆಂದರೆ ಘಾತಾಂಕ ಎಂಬ ದೃಷ್ಟಿಯನ್ನು ವ್ಯವಸ್ಥಿತವಾಗಿ ಸ್ಥಾಪಿಸಿ, ಚಲನೆ, ವಿಸ್ತೀರ್ಣ, ಬಡ್ಡಿ ಎಂಬ ಮೂರು ಎಳೆಗಳನ್ನು ಹೊಸೆದವನೂ ಅವನೇ.

೩. ಉಪಪತ್ತಿ

ಈಗ ಪಠ್ಯಗ್ರಂಥದ ಉಪಪತ್ತಿಗೆ ಬರೋಣ. ರೂಢಿಯ ರೋಮನ್ ಅಕ್ಷರಗಳಿಗೆ ಬದಲಾಗಿ ಇಲ್ಲಿ ಕನ್ನಡದ ಅಕ್ಷರಗಳನ್ನೇ ಬಳಸುತ್ತೇವೆ. ಭಾಸ್ಕರಾಚಾರ್ಯನು ಅಜ್ಞಾತರಾಶಿಯನ್ನು 'ಯಾವತ್ತಾವತ್' ಎಂದು ಕರೆದುದನ್ನು ನೆನೆದು ಸಂಖ್ಯೆಯನ್ನು ಯ ಎನ್ನೋಣ. ಅದರ ಹೆಚ್ಚಳವನ್ನು ಹ ಎನ್ನೋಣ. ಬೆರ್ನೂಲಿಯ ಸಂಖ್ಯೆ, ಅಂದರೆ ೨.೭೧೮೨೮..., ನಮಗೆ ಇ. ಅದನ್ನು ಆಧಾರವಾಗಿ ಉಳ್ಳ ಲಘುಗಣಕವು ಲ. ಯ ಎಂಬುದು ಸೊನ್ನೆಗಿಂತ ದೊಡ್ಡದಾದ ರಾಶಿ. ಹ ಎಂಬುದು ಧನವೂ ಆಗಬಹುದು, ಋಣವೂ ಆಗಬಹುದು; ಆದರೆ ಯ + ಹ ಧನವಾಗಿ ಉಳಿಯುವಷ್ಟು ಚಿಕ್ಕದು.

ಯ ಎಂಬುದು ಹ ಎಂಬಷ್ಟು ಹೆಚ್ಚಿದಾಗ ಲಘುಗಣಕದಲ್ಲಾಗುವ ಹೆಚ್ಚಳವನ್ನು ಹ ಎಂಬುದರಿಂದ ಭಾಗಿಸಬೇಕು. ಹ ಸೊನ್ನೆಯನ್ನು ಸಮೀಪಿಸುತ್ತ ಹೋದಂತೆ ಆ ಭಾಗಲಬ್ಧವು ಯಾವ ಬೆಲೆಯನ್ನು ಸಮೀಪಿಸುವುದೋ ಆ ಪರಿಮಿತಿಯೇ ನಿಷ್ಪನ್ನ. ಹ ಎಂದಿಗೂ ಸೊನ್ನೆಯಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ಸೊನ್ನೆಯಲ್ಲವೆಂದು ಹೇಳಿ ಅದರಿಂದ ಭಾಗಿಸಿ, ಅನಂತರ ಸೊನ್ನೆಯೆಂದು ಹೇಳಿ ಅದನ್ನು ಅಳಿಸಿಹಾಕುವ ಪದ್ಧತಿಯನ್ನು ೧೭೩೪ರಲ್ಲಿ ಬಿಷಪ್ ಬರ್ಕ್ಲಿ ತೀವ್ರವಾಗಿ ಖಂಡಿಸಿದ್ದನು. ಆ ಖಂಡನೆಗೆ ಉತ್ತರವಾಗಿ ನಿಲ್ಲಬಲ್ಲುದು ಪರಿಮಿತಿಯ ಕಲ್ಪನೆಯೇ.

ಗುಣಾಕಾರದ ನಿಯಮದಿಂದ,

ಲ(ಯ + ಹ) − ಲ(ಯ) = ಲ(೧ + ಹ/ಯ).

ಹ/ಯ ಎಂಬ ಅನುಪಾತವನ್ನು ತ ಎಂದು ಕರೆಯೋಣ; ಆಗ ಹ = ತ × ಯ. ಮೇಲಿನದನ್ನು ಹ ಎಂಬುದರಿಂದ ಭಾಗಿಸಿದರೆ ಬರುವುದು

(೧/ಯ) × (೧/ತ) × ಲ(೧ + ತ).

ಒಂದು ಲಘುಗಣಕವನ್ನು ೧/ತ ಎಂಬುದರಿಂದ ಗುಣಿಸುವುದೂ, ಮೂಲರಾಶಿಯನ್ನು ೧/ತ ಘಾತಕ್ಕೆ ಏರಿಸಿ ಅನಂತರ ಲಘುಗಣಕ ತೆಗೆಯುವುದೂ ಒಂದೇ. (೧ + ತ) ಎಂಬುದನ್ನು ೧/ತ ಘಾತಕ್ಕೆ ಏರಿಸಿದಾಗ ಬರುವ ರಾಶಿಯನ್ನು ಘ(ತ) ಎಂದು ಬರೆದರೆ, ನಮ್ಮ ಭಾಗಲಬ್ಧವು

(೧/ಯ) × ಲ(ಘ(ತ))

ಎಂದಾಗುತ್ತದೆ. ಯ ಸ್ಥಿರವಾಗಿದ್ದು ಹ ಸೊನ್ನೆಯನ್ನು ಸಮೀಪಿಸಿದಂತೆ ತ ಎಂಬುದೂ ಸೊನ್ನೆಯನ್ನು ಸಮೀಪಿಸುತ್ತದೆ. ಆಗ ಘ(ತ) ಎಂಬುದು ಇ ಎಂಬುದನ್ನೂ, ಅದರ ಲಘುಗಣಕವು ಲ(ಇ) = ೧ ಎಂಬುದನ್ನೂ ಸಮೀಪಿಸುತ್ತವೆ. ಆದುದರಿಂದ ಭಾಗಲಬ್ಧದ ಪರಿಮಿತಿ ೧/ಯ. ಇದೇ ಸಾಧಿಸಬೇಕಾದುದು.

ಈ ಸರಣಿಯು ಮೂಲತಃ ಫ್ರಾನ್ಸಿನ ಗಣಿತಜ್ಞ ಕೋಶಿಯದು. ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಕೊಟ್ಟ ಪಾಠಗಳ ಸಾರಾಂಶವಾಗಿ ೧೮೨೩ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ, ಹೆಚ್ಚಳವನ್ನು ಸಂಖ್ಯೆಯ ಗುಣಕವಾಗಿ ಬರೆದುಕೊಳ್ಳುವ ಈ ಉಪಾಯವೇ ಇದೆ. ಸಂಖ್ಯಾರೂಪದಲ್ಲಿ ಪರೀಕ್ಷಿಸಬೇಕೆನ್ನುವವರು ಯ = ೧೦ ಎಂದು ತೆಗೆದುಕೊಳ್ಳಬಹುದು. ಹ = ೧ ಆದಾಗ ಭಾಗಲಬ್ಧ ೦.೦೯೫೩; ಹ = ೦.೧ ಆದಾಗ ೦.೦೯೯೫; ಹ = ೦.೦೧ ಆದಾಗ ೦.೦೯೯೯೫. ಅದು ೦.೧ ಎಂಬ ಬೆಲೆಯತ್ತ ಸಾಗುತ್ತಿರುವುದು ಸ್ಪಷ್ಟ.

ಆಧಾರವು ಇ ಅಲ್ಲದೆ ಹತ್ತಾಗಿದ್ದರೆ ಕೊನೆಯ ಹೆಜ್ಜೆಯಲ್ಲಿ ಒಂದರ ಬದಲು, ಹತ್ತನ್ನು ಆಧಾರವಾಗಿ ಉಳ್ಳ ಇ ಎಂಬುದರ ಲಘುಗಣಕ, ಅಂದರೆ ೦.೪೩೪೩, ಬರುತ್ತದೆ, ನಿಷ್ಪನ್ನವು ೦.೪೩೪೩/ಯ ಆಗುತ್ತದೆ. ಲೇಖನದ ಮೊದಲಿನಲ್ಲಿ ಕೊಟ್ಟ ಕೋಷ್ಟಕದ ಅಂತರಗಳು ಈ ಗುಣಕವನ್ನು ಹೊತ್ತುಕೊಂಡೇ ಅರೆಯಾಗುತ್ತಿದ್ದುವು. ಇಂಥ ಗುಣಕದ ಹೊರೆಯಿಲ್ಲದಿರುವುದೇ ಇ ಆಧಾರದ ಲಘುಗಣಕವನ್ನು ಸ್ವಾಭಾವಿಕವೆನ್ನಲು ತಕ್ಕ ಕಾರಣ.

೪. ಉಪಪತ್ತಿಯ ಆಧಾರಗಳು

ಮೇಲಿನ ಪಂಕ್ತಿಗಳು ನಿರ್ದೋಷವಾಗಿವೆ, ಆದರೆ ಸಂಪೂರ್ಣವಾಗಿಲ್ಲ. ಧನರಾಶಿಗಳಿಗೆಲ್ಲ ಲಘುಗಣಕವುಂಟು, ಗುಣಾಕಾರದ ನಿಯಮವುಂಟು, ಸಂಖ್ಯೆ ಏರಿದಂತೆ ಲಘುಗಣಕವೂ ಏರುತ್ತದೆ ಎಂಬಿಷ್ಟನ್ನು ಒಪ್ಪಿಕೊಂಡರೂ, ಇನ್ನೂ ಮೂರು ಸಂಗತಿಗಳನ್ನು ಉಪಪತ್ತಿಯು ಸದ್ದಿಲ್ಲದೆ ಬಳಸಿಕೊಂಡಿದೆ.

ಮೊದಲನೆಯದು, ನ ಎಂಬ ಪೂರ್ಣಾಂಕವು ಬೆಳೆಯುತ್ತ ಹೋದಂತೆ ಘ(೧/ನ) ಒಂದು ಪರಿಮಿತಿಯನ್ನು ಸಮೀಪಿಸುತ್ತದೆ ಎಂಬುದು. ಇ ಎಂಬುದರ ನಿರೂಪಣೆಯೇ ಇದರ ಮೇಲೆ ನಿಂತಿದೆ. ದ್ವಿಪದ ಪ್ರಮೇಯದಿಂದ (೧ + ೧/ನ) ಎಂಬುದರ ನ ಘಾತವನ್ನು ಬಿಡಿಸಿದರೆ ಮೊದಲ ಎರಡು ಪದಗಳು ೧, ೧. ಮೂರನೆಯದು ೧/೨ ಎಂಬುದನ್ನು (೧ − ೧/ನ) ಎಂಬುದರಿಂದ ಗುಣಿಸಿದಷ್ಟು, ನಾಲ್ಕನೆಯದು ೧/೬ ಎಂಬುದನ್ನು (೧ − ೧/ನ), (೧ − ೨/ನ) ಇವುಗಳಿಂದ ಗುಣಿಸಿದಷ್ಟು, ಮುಂದೆಯೂ ಹೀಗೆಯೇ. ನ ಹೆಚ್ಚಿದಂತೆ ಈ ಆವರಣಗಳಲ್ಲಿ ಕಳೆಯುವ ಭಾಗವು ಕಿರಿದಾಗುತ್ತದೆ. ಆದುದರಿಂದ ಮೂರನೆಯದರಿಂದ ಮುಂದಿನ ಪ್ರತಿಯೊಂದು ಪದವೂ ಬೆಳೆಯುತ್ತದೆ. ಸಾಲದುದಕ್ಕೆ ಹೊಸ ಪದವೊಂದು ಸೇರುತ್ತದೆ. ಆದಕಾರಣ ಮೊತ್ತವು ಏರುತ್ತಲೇ ಹೋಗುತ್ತದೆ. ಆದರೆ ಅದಕ್ಕೆ ಒಂದು ಮೇರೆಯುಂಟು: ಮೂರನೆಯ ಪದ ೧/೨ಕ್ಕಿಂತ ಕಡಿಮೆ, ನಾಲ್ಕನೆಯದು ೧/೬ಕ್ಕಿಂತ, ಆದುದರಿಂದ ೧/೪ಕ್ಕಿಂತ ಕಡಿಮೆ, ಐದನೆಯದು ೧/೨೪ಕ್ಕಿಂತ, ಆದುದರಿಂದ ೧/೮ಕ್ಕಿಂತ ಕಡಿಮೆ. ಹೀಗಾಗಿ ಇಡೀ ಮೊತ್ತವು ೧ + ೧ + ೧/೨ + ೧/೪ + ೧/೮ + ... ಎಂಬುದನ್ನು, ಅಂದರೆ ೩ನ್ನು, ಮೀರಲಾರದು. ಏರುತ್ತಲೇ ಇದ್ದು ಮೇರೆಯನ್ನು ದಾಟದ ರಾಶಿಯು ಒಂದು ಪರಿಮಿತಿಯನ್ನು ಸಮೀಪಿಸಲೇಬೇಕು. ಆ ಪರಿಮಿತಿಯೇ ಇ.

ಎರಡನೆಯದು, ಪೂರ್ಣಾಂಕಗಳಿಂದ ಎಲ್ಲ ರಾಶಿಗಳಿಗೆ ದಾಟುವ ಹೆಜ್ಜೆ. ಉಪಪತ್ತಿಯಲ್ಲಿ ತ ಎಂಬುದು ೧/ನ ರೂಪದಲ್ಲಿಯೇ ಇರಬೇಕೆಂದಿಲ್ಲ. ತ ಧನವಾಗಿದ್ದು, ೧/ತ ಎಂಬುದು ನ, ನ + ೧ ಎಂಬ ಎರಡು ಅನುಕ್ರಮ ಪೂರ್ಣಾಂಕಗಳ ನಡುವೆ ಇರಲಿ. ಆಗ ಘ(ತ) ಎಂಬುದು (೧ + ೧/(ನ + ೧)) ಎಂಬುದರ ನ ಘಾತಕ್ಕೂ (೧ + ೧/ನ) ಎಂಬುದರ (ನ + ೧) ಘಾತಕ್ಕೂ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಇವೆರಡೂ ಮೊದಲು ಪರಿಶೀಲಿಸಿದ ಘಾತಗಳಿಗಿಂತ ಒಂದೊಂದು ಗುಣಕದಷ್ಟು ಮಾತ್ರ ಬೇರೆ. ಆ ಗುಣಕಗಳು ಒಂದನ್ನು ಸಮೀಪಿಸುವುದರಿಂದ ಎರಡು ಕಡೆಯ ಗೋಡೆಗಳೂ ಇ ಎಂಬಲ್ಲಿಗೆ ಬರುತ್ತವೆ. ನಡುವೆ ಇರುವ ಘ(ತ) ಬೇರೆಡೆಗೆ ಹೋಗಲಾರದು. ತ ಋಣವಾಗಿದ್ದರೆ ಅದನ್ನು −ಸ ಎಂದು ಬರೆದು, ಸ/(೧ − ಸ) ಎಂಬುದನ್ನು ದ ಎಂದು ಕರೆದರೆ, ಘ(−ಸ) = ಘ(ದ) × (೧ + ದ) ಎಂದು ಸುಲಭವಾಗಿ ಸಾಧಿಸಬಹುದು. ಸ ಸೊನ್ನೆಯನ್ನು ಸಮೀಪಿಸಿದಂತೆ ದ ಎಂಬುದೂ ಧನದ ಕಡೆಯಿಂದ ಸೊನ್ನೆಯನ್ನು ಸಮೀಪಿಸುತ್ತದೆ. ಆದುದರಿಂದ ಪರಿಮಿತಿ ಮತ್ತೆ ಇ. ಈ ಋಣಪಕ್ಷವನ್ನು ಬಿಟ್ಟುಬಿಡುವುದು ತರಗತಿಯಲ್ಲಿ ಅತಿ ಸಾಮಾನ್ಯವಾದ ಲೋಪ.

ಮೂರನೆಯದು, ಘ(ತ) ಎಂಬುದು ಇ ಎಂಬುದನ್ನು ಸಮೀಪಿಸಿದರೆ ಲ(ಘ(ತ)) ಎಂಬುದು ಲ(ಇ) ಎಂಬುದನ್ನು ಸಮೀಪಿಸುತ್ತದೆಯೇ ಎಂಬುದು. ಲಘುಗಣಕವು ಎಲ್ಲಿಯೂ ಹಾರಿ ನೆಗೆಯದೆ ಅವಿಚ್ಛಿನ್ನವಾಗಿ ಸಾಗುತ್ತದೆ ಎಂಬುದರ ಮೇಲೆ ಇದು ನಿಂತಿದೆ. ಸಾಧನೆ ಕಷ್ಟವಲ್ಲ. ಒಂದಕ್ಕಿಂತ ತುಸು ಕಡಿಮೆಯಾದ ಒಂದು ಘಾತಾಂಕವನ್ನೂ ತುಸು ಹೆಚ್ಚಾದ ಒಂದು ಘಾತಾಂಕವನ್ನೂ, ಎಷ್ಟು ಹತ್ತಿರ ಬೇಕೋ ಅಷ್ಟು ಹತ್ತಿರದಲ್ಲಿ, ಆರಿಸಿಕೊಂಡು ಇ ಎಂಬುದನ್ನು ಆ ಎರಡು ಘಾತಗಳಿಗೆ ಏರಿಸೋಣ. ಒಂದು ಫಲ ಇ ಎಂಬುದಕ್ಕಿಂತ ಕೆಳಗೆ, ಇನ್ನೊಂದು ಮೇಲೆ. ಘ(ತ) ಇ ಎಂಬುದನ್ನು ಸಮೀಪಿಸುವುದರಿಂದ, ಕಾಲಕ್ರಮದಲ್ಲಿ ಅದು ಈ ಎರಡು ಫಲಗಳ ನಡುವೆ ಬಂದು ಅಲ್ಲಿಯೇ ಉಳಿಯುತ್ತದೆ. ಆಗ ಅದರ ಲಘುಗಣಕವು ನಾವು ಆರಿಸಿದ ಎರಡು ಘಾತಾಂಕಗಳ ನಡುವೆ ಇರಲೇಬೇಕು. ಅಂದರೆ ಅದು ಒಂದನ್ನು ಸಮೀಪಿಸುತ್ತದೆ.

೫. ಚಕ್ರಕದೋಷ

ಈ ಆಧಾರಗಳನ್ನು ಇಷ್ಟು ವಿಸ್ತರಿಸಿ ಹೇಳಿದುದಕ್ಕೆ ಕಾರಣವಿದೆ. ಇವುಗಳ ಶ್ರಮವನ್ನು ತಪ್ಪಿಸಿಕೊಳ್ಳಲು ಕೆಲವರು ಅಡ್ಡದಾರಿಯನ್ನು ಹಿಡಿಯುವುದುಂಟು. ತ ಸೊನ್ನೆಯನ್ನು ಸಮೀಪಿಸಿದಾಗ ಲ(೧ + ತ)/ತ ಎಂಬುದರ ಪರಿಮಿತಿ ಒಂದು ಎಂದು ತೋರಿಸಬೇಕಾದಲ್ಲಿ, ಅಂಶವನ್ನೂ ಛೇದವನ್ನೂ ಪ್ರತ್ಯೇಕವಾಗಿ ಅವಕಲನ ಮಾಡುವ ಲೋಪಿತಾಲನ ನಿಯಮವನ್ನು ಅವರು ಪ್ರಯೋಗಿಸುತ್ತಾರೆ. ಉತ್ತರವೇನೋ ಸರಿಯಾಗಿ ಬರುತ್ತದೆ. ಆದರೆ ಅಂಶವನ್ನು ಅವಕಲನ ಮಾಡುವಾಗ ಲಘುಗಣಕದ ನಿಷ್ಪನ್ನ ಗೊತ್ತಿರಲೇಬೇಕಲ್ಲವೆ? ಯಾವುದನ್ನು ಸಾಧಿಸಬೇಕೋ ಅದನ್ನೇ ಸಾಕ್ಷಿಯಾಗಿ ಕರೆದಂತಾಯಿತು. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಚಕ್ರಕದೋಷ, ಅನ್ಯೋನ್ಯಾಶ್ರಯ ಎಂಬ ಹೆಸರುಗಳಿವೆ. ಸರಿಯಾದ ಉತ್ತರವು ದೋಷವನ್ನು ಮರೆಮಾಡುವುದರಿಂದ ಇದು ತಪ್ಪು ಉತ್ತರಕ್ಕಿಂತ ಹೆಚ್ಚು ಅಪಾಯಕರ.

ಅನಂತ ಶ್ರೇಢಿಯ ಪ್ರಯೋಗದಲ್ಲಿ ಇನ್ನೂ ಸೂಕ್ಷ್ಮವಾದ ವಿವೇಚನೆ ಬೇಕು. ಆಯ್ಲರನು ೧೭೫೫ರ ತನ್ನ ಗ್ರಂಥದಲ್ಲಿ ಲ(೧ + ತ) ಎಂಬುದನ್ನು ಶ್ರೇಢಿಯಾಗಿ ಬಿಡಿಸಿ, ಮೊದಲ ಪದವನ್ನು ಮಾತ್ರ ಉಳಿಸಿಕೊಂಡು ನಿಷ್ಪನ್ನವನ್ನು ಪಡೆದನು. ಇದು ಚಕ್ರಕವೇ? ಶ್ರೇಢಿ ಎಲ್ಲಿಂದ ಬಂದಿತು ಎಂಬುದರ ಮೇಲೆ ಉತ್ತರ ನಿಂತಿದೆ. ಇಂದಿನ ವಿದ್ಯಾರ್ಥಿ ಆ ಶ್ರೇಢಿಯನ್ನು ಟೇಲರನ ಪ್ರಮೇಯದಿಂದ, ಅಂದರೆ ನಿಷ್ಪನ್ನಗಳಿಂದಲೇ, ಪಡೆದಿದ್ದರೆ ಚಕ್ರಕ. ಆಯ್ಲರನು ಅದನ್ನು ಪಡೆದುದು ದ್ವಿಪದ ಶ್ರೇಢಿಯಿಂದ; ಮರ್ಕೇಟರನು ಪಡೆದುದು ಅತಿಪರವಲಯದ ವಿಸ್ತೀರ್ಣದಿಂದ. ಅವರ ಸರಣಿಯಲ್ಲಿ ಬೇರೆ ಕೊರತೆಗಳಿದ್ದಾವು, ಚಕ್ರಕದೋಷವಿಲ್ಲ. ಒಂದೇ ವಾಕ್ಯವು ಒಬ್ಬನ ಬಾಯಲ್ಲಿ ಸ್ವತಂತ್ರ ಪ್ರಮಾಣವೂ ಇನ್ನೊಬ್ಬನ ಬಾಯಲ್ಲಿ ಪುನರುಕ್ತಿಯೂ ಆಗಬಹುದು. ಆಕರದ ವಂಶಾವಳಿಯನ್ನು ತಿಳಿಯದೆ ಪ್ರಾಮಾಣ್ಯವನ್ನು ನಿರ್ಣಯಿಸಲಾಗದು ಎಂಬ ಇತಿಹಾಸಶಾಸ್ತ್ರದ ಮಾತು ಇಲ್ಲಿಯೂ ಸಲ್ಲುತ್ತದೆ.

ಬೇರೊಂದು ನಿರ್ದುಷ್ಟವಾದ ಮಾರ್ಗವೂ ಉಂಟು. ಅದು ಸೇಂಟ್ ವಿನ್ಸೆಂಟನ ಕಾಲದಿಂದ ಬಂದುದು. ಯ ಎಂಬ ದೂರದಲ್ಲಿ ೧/ಯ ಎತ್ತರವಿರುವ ಅತಿಪರವಲಯವನ್ನು ತೆಗೆದುಕೊಂಡು, ೧ರಿಂದ ಯ ವರೆಗೆ ಅದರ ಕೆಳಗಿರುವ ವಿಸ್ತೀರ್ಣವನ್ನೇ ಲಘುಗಣಕವೆಂದು ನಿರೂಪಿಸಬಹುದು. ಆಗ ಹ ಧನವಾಗಿದ್ದಲ್ಲಿ ಲ(ಯ + ಹ) − ಲ(ಯ) ಎಂಬುದು ಹ ಅಗಲದ ಒಂದು ಪಟ್ಟಿ. ಅದರ ವಿಸ್ತೀರ್ಣ ಹ/ಯ ಎಂಬುದಕ್ಕಿಂತ ಕಡಿಮೆ, ಹ/(ಯ + ಹ) ಎಂಬುದಕ್ಕಿಂತ ಹೆಚ್ಚು. ಹ ಎಂಬುದರಿಂದ ಭಾಗಿಸಿದರೆ ಭಾಗಲಬ್ಧವು ೧/ಯ, ೧/(ಯ + ಹ) ಇವೆರಡರ ನಡುವೆ ಬರುತ್ತದೆ, ಪರಿಮಿತಿ ೧/ಯ. ಹ ಋಣವಾದರೂ ವಾದ ಇದೇ, ಎರಡು ಎಲ್ಲೆಗಳು ಮಾತ್ರ ಸ್ಥಾನ ಬದಲಿಸುತ್ತವೆ. ಇಲ್ಲಿ ಇ ಎಂಬ ಸಂಖ್ಯೆ ಉಪಪತ್ತಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಯಾವ ಸಂಖ್ಯೆಯವರೆಗಿನ ವಿಸ್ತೀರ್ಣವು ಒಂದಾಗುವುದೋ ಅದೇ ಇ. ಘ(ತ) ಅದನ್ನು ಸಮೀಪಿಸುತ್ತದೆಂಬುದು ಇಲ್ಲಿ ಆಧಾರವಲ್ಲ, ಫಲಿತಾಂಶ. ೧೯೦೮ರಲ್ಲಿ ಫೆಲಿಕ್ಸ್ ಕ್ಲೈನನು ಶಾಲಾ ಉಪಾಧ್ಯಾಯರಿಗಾಗಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಈ ಮಾರ್ಗವನ್ನೇ ಪುರಸ್ಕರಿಸಿದನು.

ಈ ಮಾರ್ಗವು ಎರಡು ಪಂಕ್ತಿಗಳಲ್ಲಿ ಮುಗಿಯಿತೆಂದು ಹಿಗ್ಗಬೇಕಾದುದಿಲ್ಲ. ಮೊದಲ ಮಾರ್ಗದಲ್ಲಿ ಉಚಿತವಾಗಿ ದೊರೆತ ಗುಣಾಕಾರದ ನಿಯಮವನ್ನು ಇಲ್ಲಿ ವಿಸ್ತೀರ್ಣಗಳ ಸಮತ್ವದಿಂದ ಸಾಧಿಸಬೇಕು; ವಿಸ್ತೀರ್ಣವೆಂದರೇನೆಂಬುದನ್ನೂ ನಿರೂಪಿಸಬೇಕು. ಸಾಲವು ತೀರುವುದಿಲ್ಲ, ಖಾತೆ ಬದಲಾಗುತ್ತದೆ. ಅಧ್ಯಾಪಕರು ಎರಡು ಮಾರ್ಗಗಳಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ಒಂದರಲ್ಲಿ ಹೊರಟು ಇನ್ನೊಂದರ ಫಲವನ್ನು ಮಧ್ಯದಲ್ಲಿ ಎರವಲು ತರುವಂತಿಲ್ಲ.

೬. ಉಪಸಂಹಾರ

ಏರುತ್ತಲೇ ಇದ್ದು ಮೇರೆಯನ್ನು ದಾಟದ ರಾಶಿಯು ಪರಿಮಿತಿಯನ್ನು ಸಮೀಪಿಸಲೇಬೇಕು ಎಂದು ನಾಲ್ಕನೆಯ ಭಾಗದಲ್ಲಿ ಒಂದು ವಾಕ್ಯ ಬಂದಿತು. ವಾಚಕರು ಅದನ್ನು ಪ್ರಶ್ನಿಸದೆ ದಾಟಿರಬಹುದು. ಕೋಶಿಯೂ ಅವನ ಸಮಕಾಲೀನರೂ ಅದನ್ನು ಸಂಖ್ಯೆಗಳ ಸ್ವರೂಪದಿಂದ ಸಾಧಿಸಿರಲಿಲ್ಲ. ಹಾಗೆ ದಾಟಲಾರದೆ ನಿಂತವನು ಒಬ್ಬ ಅಧ್ಯಾಪಕ. ೧೮೫೮ರಲ್ಲಿ ಜೂರಿಕ್ ನಗರದ ಪಾಲಿಟೆಕ್ನಿಕ್‌ನಲ್ಲಿ ಮೊತ್ತಮೊದಲ ಬಾರಿಗೆ ಕಲನಶಾಸ್ತ್ರದ ಮೂಲಾಂಶಗಳನ್ನು ಬೋಧಿಸಬೇಕಾಗಿ ಬಂದ ರಿಚರ್ಡ್ ಡೆಡೆಕಿಂಡನು, ಇದೇ ಪ್ರಮೇಯವನ್ನು ವಿವರಿಸುವಾಗ ರೇಖಾಚಿತ್ರದ ಸಾಕ್ಷ್ಯವನ್ನು ಅವಲಂಬಿಸಬೇಕಾಯಿತು. ಪಾಠ ನಡೆಯಿತು, ಆದರೆ ಅವನಿಗೆ ಸಮಾಧಾನವಾಗಲಿಲ್ಲ. ಸಂಖ್ಯೆಗಳ ಸ್ವರೂಪದಿಂದಲೇ ಇದನ್ನು ಸಾಧಿಸುವವರೆಗೆ ಬಿಡುವುದಿಲ್ಲವೆಂದು ಸಂಕಲ್ಪಿಸಿ, ಅದೇ ವರ್ಷದ ನವೆಂಬರ್ ೨೪ರಂದು ಸಂಖ್ಯಾರೇಖೆಯನ್ನು ಛೇದಿಸುವ ತನ್ನ ವಿಧಾನವನ್ನು ಕಂಡುಕೊಂಡನು. ೧೮೭೨ರಲ್ಲಿ ಅದನ್ನು ಪ್ರಕಟಿಸಿದನು. ವಾಸ್ತವ ಸಂಖ್ಯೆಗಳ ನಡುವೆ ಬಿರುಕುಗಳಿಲ್ಲ ಎಂಬ ನಂಬಿಕೆಗೆ ಅಂದಿನಿಂದ ಭದ್ರವಾದ ತಳಹದಿ ದೊರೆಯಿತು. ಲಘುಗಣಕದ ನಿಷ್ಪನ್ನದ ಉಪಪತ್ತಿಯೂ ಪೂರ್ಣವಾದುದು ಆಗಲೇ ಎನ್ನಬೇಕು.

೧೬೧೪ರಲ್ಲಿ ಸತ್ಯವು ಕೈಗೆ ಸಿಕ್ಕಿತು. ೧೮೨೩ರಲ್ಲಿ ಅದಕ್ಕೆ ಉಪಪತ್ತಿಯ ಆಕಾರ ಬಂದಿತು. ೧೮೭೨ರಲ್ಲಿ ಉಪಪತ್ತಿಗೆ ಅಸ್ತಿಭಾರ ಪ್ರಕಟವಾಯಿತು. ಕಟ್ಟಡವು ಶಿಖರದಿಂದ ಕೆಳಮುಖವಾಗಿ ಇಳಿದುಬಂದಂತೆ ಇದೆ ಈ ಕ್ರಮ. ಪಠ್ಯಗ್ರಂಥವು ಅದನ್ನು ತಿರುಗಿಸಿ, ಅಸ್ತಿಭಾರದಿಂದ ಶಿಖರಕ್ಕೆ ಹತ್ತಿಸುತ್ತದೆ. ತರ್ಕಕ್ಕೆ ಅದೇ ಉಚಿತ. ಆದರೆ ಕ್ರಮವನ್ನು ತಿರುಗಿಸಲಾಗಿದೆ ಎಂಬುದನ್ನು ವಿದ್ಯಾರ್ಥಿಗೆ ತಿಳಿಸದಿದ್ದರೆ, ಯಾವುದು ಯಾವುದರ ಮೇಲೆ ನಿಂತಿದೆ ಎಂಬ ವಿವೇಕವು ಅವನಲ್ಲಿ ಮೂಡುವುದು ಕಷ್ಟ. ಆಗಲೇ ಚಕ್ರಕದೋಷಕ್ಕೆ ಎಡೆಯಾಗುವುದು. ಮೂರು ಪಂಕ್ತಿಗಳ ಉಪಪತ್ತಿಯನ್ನು ಕರಿಹಲಗೆಯ ಮೇಲೆ ಬರೆದು ಮುಗಿಸಿದ ಅನಂತರ, ಇದರಲ್ಲಿ ನಾವು ಯಾವುದನ್ನು ಸಾಧಿಸದೆ ಬಳಸಿಕೊಂಡೆವು ಎಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳುವುದಕ್ಕೆ ಐದು ನಿಮಿಷಗಳಿಗಿಂತ ಹೆಚ್ಚು ಕಾಲ ಬೇಕಾಗದು. ಡೆಡೆಕಿಂಡನು ತನ್ನನ್ನು ತಾನೇ ಕೇಳಿಕೊಂಡುದು ಅದೇ ಪ್ರಶ್ನೆಯನ್ನು.